ಮೂರನೆಯ ಹಾಯಿಕಂಬ

ನನ್ನ ಯಜಮಾನರು ನೌಕಾಪಡೆಯಲ್ಲಿ ಬಡಗಿಯಾಗಿದ್ದರು. ನಲವತ್ತು ತುಂಬುವ ಮೊದಲೇ ಪಿಂಚಣಿ ಪಡೆದು ಮುಂಬಯಿಯಿಂದ ಕಲಘಟಗಿಗೆ ವಾಪಸು ಬಂದರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಊರಿನ ಸಾಮಿಲ್ಲಿನಲ್ಲಿ ಕಟ್ಟಿಗೆ ಅಳೆಯುವ ಕೆಲಸ ಹಿಡಿದರು. ಅವರು ತಂದ ಟ್ರಂಕಿನಲ್ಲಿ ಬಟ್ಟೆಗಿಂತ ಉಳಿ, ಅರ, ಸಣ್ಣ ಕರಗಸಗಳೇ ಹೆಚ್ಚಿದ್ದವು. ತಳದಲ್ಲಿ ಸುರುಳಿ ಸುತ್ತಿದ ಒಂದು ನಕಾಶೆ. ಮರಾಠರ ಕಾಲದಲ್ಲಿ ಕೊಂಕಣದ ಸಮುದ್ರದಲ್ಲಿ ಓಡಾಡುತ್ತಿದ್ದ ಯುದ್ಧದ ಹಡಗು, ಮೂರು ಹಾಯಿಕಂಬದ್ದು. ಅದಕ್ಕೆ ಗುರಾಬ ಅಂತ ಹೆಸರು ಎಂದು ಅವರೇ ಹೇಳಿದರು.

ನಾನು ಸಮುದ್ರ ನೋಡಿದವಳಲ್ಲ. ನೌಕರಿಯುದ್ದಕ್ಕೂ ಅವರು ಅಲ್ಲಿ, ನಾನು ಇಲ್ಲಿ ಅತ್ತೆಯ ಸೇವೆಯಲ್ಲಿ. ರಜೆಗೆ ಬಂದು ಹೋಗುವ ಗಂಡಸು ಮನೆಯಲ್ಲೇ ನಿಂತಾಗ ಏನು ಮಾತಾಡಬೇಕೋ ಇಬ್ಬರಿಗೂ ತಿಳಿಯಲಿಲ್ಲ. ಊಟ ಮುಗಿದ ಮೇಲೆ ಅವರು ಪಡಸಾಲೆಯಲ್ಲಿ ಕೂತು ಆ ಹಡಗಿನ ಸಣ್ಣ ಮಾದರಿಗೆಂದು ಸಾಗವಾನಿಯ ಚೂರು ಕೆತ್ತುತ್ತಿದ್ದರು, ನಾನು ಕಂಬಕ್ಕೆ ಒರಗಿ ಕಸೂತಿ ಹಾಕುತ್ತಿದ್ದೆ. ತೆಳುವಾದ ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಬಗ್ಗಿಸಿ, ಹಡಗಿನ ಪಕ್ಕೆಲುಬಿಗೆ ಒಂದೊಂದಾಗಿ ಅಂಟಿಸುತ್ತಿದ್ದರು. ಒಡಲು ಮುಗಿದಾಗ ಅದು ಒಂದು ತೊಟ್ಟಿಲಿನಷ್ಟು ಉದ್ದವಿತ್ತು.

ನಮ್ಮೂರು ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ನಮಗೆ ಮಕ್ಕಳಿರಲಿಲ್ಲ. ನಾದಿನಿ ಒಮ್ಮೆ ಬಂದಾಗ ಅದನ್ನು ನೋಡಿ, "ಮನ್ಯಾಗ ತೊಟ್ಟಿಲಾ ಕಟ್ಟೂದು ಬಿಟ್ಟು ಹಡಗ ಕಟ್ಟಾಕ ಕುಂತಾರ," ಎಂದು ನಕ್ಕಳು. ಅವರು ತಲೆ ಎತ್ತಲಿಲ್ಲ. ನಾನು ಒಳಗೆ ಹೋಗಿ ಚಹಾ ಇಟ್ಟೆ.

ಹಗ್ಗದ ಕೆಲಸಕ್ಕೆ ಬಂದಾಗ ಅವರ ಕೈ ನಿಂತಿತು. ಹಡಗಿನ ಅಂಚಿನಿಂದ ಕಂಬದ ತುದಿಯ ತನಕ ಏಣಿಯ ಹಾಗೆ ಹಗ್ಗ ಕಟ್ಟಬೇಕು, ಅಡ್ಡ ಎಳೆ ಉದ್ದ ಎಳೆಯನ್ನು ದಾಟುವಲ್ಲೆಲ್ಲ ಒಂದು ಗಂಟು. ಹಗ್ಗವೆಂದರೆ ಇಲ್ಲಿ ಹೊಲಿಗೆಯ ದಾರ. ಅವರ ದಪ್ಪ ಬೆರಳಿಗೆ ಅದು ಸಿಗುತ್ತಲೇ ಇರಲಿಲ್ಲ. ಸುಮಾರು ಹೊತ್ತು ಒದ್ದಾಡಿ ನನ್ನ ಕಡೆ ನೋಡಿದರು.

"ನಿನ್ನ ಕೈಲೆ ಆಗ್ತದ ನೋಡ."

"ಕಸೂತ್ಯಾಗ ಗಂಟ ಹಾಕಂಗಿಲ್ರಿ. ಹಿಂದ ಮುಂದ ಒಂದ ನಮೂನಿ ಕಾಣಬೇಕು. ನನಗ ಗಂಟ ಬರೂದಿಲ್ಲ."

"ನಾ ಕಲಸ್ತೀನಿ, ಬಾ ಇಲ್ಲೆ."

ನೀರು ಸೇದುವ ಹಗ್ಗವನ್ನು ಕಿಟಕಿಯ ಸರಳಿಗೆ ಸುತ್ತಿ ಕಲಿಸಿದರು. ಆಮೇಲೆ ದಾರಕ್ಕೆ ಇಳಿದೆ. ಬಿಳಿ ದಾರವನ್ನು ಚಹಾದ ನೀರಿನಲ್ಲಿ ಅದ್ದಿ ಕಂದು ಮಾಡಿದೆ, ಜೇನುಮೇಣ ತೀಡಿದೆ. ಮೊದಲ ಏಣಿ ಸೊಟ್ಟಗಾಯಿತು, ಬಿಚ್ಚಿ ಮತ್ತೆ ಕಟ್ಟಿದೆ. ನಾನು ಕಟ್ಟುತ್ತಿದ್ದರೆ ಅವರು ಪಕ್ಕದಲ್ಲಿ ಕೂತು ಮಾತಾಡುತ್ತಿದ್ದರು. ಬಿರುಗಾಳಿಗೆ ಹಡಗು ಹೊರಳುವಾಗ ಹೊಟ್ಟೆ ತೊಳಸುವುದು, ಹಡಗಿನ ಗೋಡೆಗೇ ಜೋಡಿಸಿದ ಮಂಚಗಳಲ್ಲಿ ಮಲಗುವುದು, ಊರಿನ ರೊಟ್ಟಿ ನೆನೆದು ಅಳು ಬಂದದ್ದು. ಮದುವೆಯಾಗಿ ಅಷ್ಟು ವರ್ಷವಾದ ಮೇಲೆ ನನ್ನ ಗಂಡನ ಪರಿಚಯ ನನಗೆ ಆದದ್ದು ಆಗ. ಒಂದನೆಯ ಕಂಬ ಮುಗಿಯಿತು. ಎರಡನೆಯದೂ ಮುಗಿಯಿತು.

ಮೂರನೆಯದಕ್ಕೆ ದಾರ ಹಚ್ಚುವ ಹೊತ್ತಿಗೆ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಅಂಗೈಯಲ್ಲಿ ಮುಳ್ಳು ಚುಚ್ಚಿದ ಹಾಗಾಗುತ್ತಿತ್ತು. ಚಳಿಗೆ ಇರಬೇಕು ಎಂದುಕೊಂಡೆ. ಚಳಿ ಹೋಯಿತು, ಬಿಸಿಲು ಬಂತು, ಗೆಣ್ಣುಗಳು ಕೆಂಪಗೆ ಊದಿದವು. ಅವರಿಗೆ ಹೇಳಲಿಲ್ಲ. ಹೇಳಿದರೆ ಕೆಲಸ ನಿಲ್ಲುತ್ತದೆ, ಕೆಲಸ ನಿಂತರೆ ಮಾತು ನಿಲ್ಲುತ್ತದೆ ಎಂದು ಹೆದರಿಕೆ.

ಒಂದು ಸಂಜೆ ಅವರು ಹೊಸ ಏಣಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರು. ಗಂಟುಗಳೆಲ್ಲ ಜಾರಿ, ಅಡ್ಡ ಎಳೆಗಳು ಒಂದರ ಮೇಲೊಂದು ಕೆಳಗೆ ಬಂದು ಕೂತವು.

"ಏನಿದು? ಮನಸ್ಸ ಎಲ್ಲಿಟ್ಟಿದ್ದಿ?"

ನಾನು ಸೆರಗಿನ ಕೆಳಗಿಂದ ಕೈ ತೆಗೆದು ಅವರ ಮುಂದೆ ಹಿಡಿದೆ. ಅವರು ನನ್ನ ಕೈಯನ್ನು ಮುಟ್ಟಲು ಬಂದವರು ಮುಟ್ಟದೆ ಹಾಗೇ ನಿಂತರು.

ಮರುದಿನವೇ ಹುಬ್ಬಳ್ಳಿಯ ಬಸ್ಸು ಹತ್ತಿದೆವು. ಡಾಕ್ಟರು ಸಂಧಿವಾತ ಎಂದರು. ಗುಣವಾಗುತ್ತದೆಯೇ ಎಂದು ಇವರು ಕೇಳಿದರು. "ಗುಣ ಆಗೂ ಬ್ಯಾನಿ ಅಲ್ರಿ ಇದು. ಗುಳಿಗಿ ಕೊಡ್ತೀನಿ, ನೋವು ಕಮ್ಮಿ ಆಗ್ತದ. ಅವರಿಗೆ ಸಣ್ಣ ಕೆಲಸ ಬಿಡಸ್ರಿ," ಎಂದರು ಡಾಕ್ಟರು. ನಾನು ಅಲ್ಲೇ ಕೂತಿದ್ದೆ, ಆದರೆ ಮಾತೆಲ್ಲ ಇವರ ಜೊತೆಗೇ.

ಗುಳಿಗೆಗೆ ಹೊಟ್ಟೆ ಉರಿಯಿತು. ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದೆವು. ಬೆರಳುಗಳು ಕಿರುಬೆರಳಿನ ಕಡೆಗೆ ವಾಲತೊಡಗಿದವು. ಮೊದಲು ಕಸೂತಿ ಬಿಟ್ಟೆ, ಆಮೇಲೆ ರೊಟ್ಟಿ ಬಿಟ್ಟೆ, ಕುಪ್ಪಸದ ಗುಂಡಿಯನ್ನು ಅವರೇ ಹಾಕಬೇಕಾಯಿತು. ಇದನ್ನೂ ನಾನು ಬರೆಯುತ್ತಿಲ್ಲ. ನಾನು ಹೇಳುತ್ತ ಹೋಗುತ್ತೇನೆ, ನನ್ನ ತಂಗಿ ಬರೆದುಕೊಳ್ಳುತ್ತಾಳೆ.

ಅವರು ಹಡಗು ಬಿಡಲಿಲ್ಲ. "ನೀ ಹೇಳ, ನಾ ಕಟ್ಟತೀನಿ," ಎಂದರು. ಚಿಮಟ ಹಿಡಿದು ಕೂತರು. ನನಗೆ ಗಂಟು ಕಲಿಸಿದವರಿಗೆ ನಾನು ಗಂಟು ಹೇಳಿಕೊಡಬೇಕಾಯಿತು. ದಾರ ಹರಿಯುತ್ತಿತ್ತು, ಇಲ್ಲವೇ ಪಕ್ಕದ ಎಳೆ ಜೊತೆಗೆ ಸಿಕ್ಕಿ ಬರುತ್ತಿತ್ತು. ನನ್ನ ಕಣ್ಣಿಗೆ ಎಲ್ಲ ಕಾಣುತ್ತಿತ್ತು, ಯಾವ ಎಳೆ ಎತ್ತಬೇಕು, ಎಲ್ಲಿ ತೂರಿಸಬೇಕು ಎಲ್ಲ. ಅದೇ ದೊಡ್ಡ ಹಿಂಸೆ.

"ಹಂಗಲ್ರಿ. ಎಡಕ್ಕ. ಎಡಕ್ಕ ಅಂದ್ನಿ!"

"ನೀ ಹೇಳಿದ್ಹಂಗ ಮಾಡಾಕ ಹತ್ತೀನಲ್ಲ."

"ಎಲ್ಲಿ ಮಾಡಾಕ ಹತ್ತೀರಿ? ದನಾ ಕಟ್ಟಿದಂಗ ಕಟ್ಟಾಕ ಹತ್ತೀರಿ."

ಅಂಥ ಮಾತು ನನ್ನ ಬಾಯಲ್ಲಿ ಹಿಂದೆ ಯಾವತ್ತೂ ಬಂದಿರಲಿಲ್ಲ. ಅವರು ಗಂಟು ಬಿಚ್ಚಿ ಮತ್ತೆ ಕಟ್ಟಿದರು. ಹಲವು ದಿನ ಹೀಗೇ ನಡೆದ ಮೇಲೆ ಚಿಮಟ ಕೆಳಗಿಟ್ಟು ನಿಧಾನಕ್ಕೆ ಹೇಳಿದರು:

"ಸಿಟ್ಟ ಆಗಬ್ಯಾಡ. ಮೂರನೇ ಕಂಬ ತೆಗದ ಬಿಡೂಣು. ಎರಡ ಕಂಬದ ಗುರಾಬೂ ಇದ್ದೂವು ಆಗ. ಯಾರಿಗೂ ಗೊತ್ತಾಗೂದಿಲ್ಲ."

ಒಳ್ಳೆಯದಕ್ಕೇ ಹೇಳಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. "ಕಂಬ ಕಿತ್ತರ ನನ್ನ ಬೆರಳ ನೆಟ್ಟಗ ಆಗ್ತಾವೇನ್ರಿ? ನಿಮಗ ಗೊತ್ತಿರೂದಿಲ್ಲೇನು? ನನಗ ಗೊತ್ತಿರೂದಿಲ್ಲೇನು?" ಎಂದೆ. ಅವರು ಎದ್ದು ಹೊರಗೆ ಹೋದರು. ಕಂಬ ಕೀಳಲಿಲ್ಲ, ಚಿಮಟವನ್ನು ಮತ್ತೆ ಹಿಡಿಯಲೂ ಇಲ್ಲ. ಹಳೆಯ ಧೋತರ ಹೊದಿಸಿ ಹಡಗನ್ನು ಕಪಾಟಿನ ಮೇಲಿಟ್ಟರು.

ಆ ವರ್ಷ ಮಳೆ ಜೋರಾಗಿ ಹಿಡಿಯಿತು. ಉರುವಲು ಒದ್ದೆಯಾಗಿ ಹೊಗೆಯೇ ಹೊಗೆ. ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಇಡದಿದ್ದರೆ ನನಗೆ ಹಾಸಿಗೆ ಬಿಟ್ಟು ಏಳಲು ಆಗುತ್ತಿರಲಿಲ್ಲ. ಒಂದು ದಿನ ಬಚ್ಚಲ ಒಲೆ ಚೆನ್ನಾಗಿ ಉರಿಯುವ ಸದ್ದು ಕೇಳಿ ಹೋಗಿ ನೋಡಿದೆ. ಅವರು ಅಟ್ಟದಿಂದ ಕಟ್ಟೊಂದನ್ನು ಇಳಿಸಿಕೊಂಡು, ಉಜ್ಜಿ ನುಣುಪು ಮಾಡಿದ ಸಾಗವಾನಿ ಪಟ್ಟಿಗಳನ್ನು ಒಂದೊಂದಾಗಿ ಒಲೆಗೆ ತಳ್ಳುತ್ತಿದ್ದರು. ಇನ್ನೊಂದು ಹಡಗು ಮಾಡುವ ಆಸೆ ಅವರಿಗಿತ್ತೆಂದು ನನಗೆ ತಿಳಿದದ್ದೇ ಆಗ.

"ಯಾವಾಗ ತಂದಿದ್ರಿ ಇವನ್ನ?"

"ಒಣಾ ಕಟ್ಟಿಗಿ ಅದ. ನೀರ ಲಗೂ ಕಾಯ್ತಾವ," ಎಂದರು. ತಂಬಿಗೆಯಿಂದ ಬೋಗುಣಿಗೆ ನೀರು ಸುರಿದು, ಹದ ನೋಡಿ, ನನ್ನ ಎರಡೂ ಕೈಗಳನ್ನು ಅದರಲ್ಲಿ ಇಳಿಸಿದರು. ಕೈ ಸಡಿಲಾಯಿತು. ಅಳುವೂ ಬಂತು, ಹೊಗೆ ಎಂದೆ. ಹೊಗೆ ಇರಲಿಲ್ಲ.

ಅವರು ಭಾನುವಾರವೂ ಮಿಲ್ಲಿಗೆ ಹೋಗತೊಡಗಿದರು. ಮನೆಗೆ ಬಂದರೆ ಉಂಡು, ರೇಡಿಯೋ ಹಚ್ಚಿ, ಅದರ ಕಡೆ ಮುಖ ಮಾಡಿ ಮಲಗುತ್ತಿದ್ದರು. ನನ್ನ ಜಡೆ ಹೆಣೆದರು, ಸೀರೆ ಉಡಿಸಿದರು, ತುತ್ತು ಮಾಡಿ ತಿನ್ನಿಸಿದರು. ಯಾವುದರಲ್ಲೂ ಕಮ್ಮಿ ಮಾಡಲಿಲ್ಲ. ಸಮುದ್ರದ ಮಾತು ಮಾತ್ರ ಮತ್ತೆ ತೆಗೆಯಲಿಲ್ಲ. ಕೇಳಿದರೆ, "ಆತಲ್ಲ ಅದೆಲ್ಲಾ," ಎನ್ನುತ್ತಿದ್ದರು. ಕೇಳುವುದನ್ನು ನಾನೂ ಬಿಟ್ಟೆ.