ಒಪ್ಪಾ, ಮಾವಾ, ಭಾಯಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ, ಸಾಲು ಕೆಳಗೆ ಜಾರುತ್ತದೆ. ಒಂಬತ್ತನೆಯ ತರಗತಿ ಮುಗಿಸಿ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಬೇಕು. ‘ನಾನು’ ಎಂದು ಬರೆಯಹೋದರೆ ಕೈ ನಿಂತುಬಿಡುತ್ತದೆ. ಆದ್ದರಿಂದ ಇಲ್ಲಿಂದ ಮುಂದೆ ಅತಿಯಾ ಎಂದು, ಬೇರೆ ಯಾರೋ ಹುಡುಗಿಯ ಹಾಗೆ ಬರೆದಿದ್ದೇನೆ. ಮನೆಯವರು ಉರ್ದುವಿನಲ್ಲಿ ಆಡಿದ್ದನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಕುಬಿಹಾಳದಲ್ಲಿ ಮೆಣಸಿನಕಾಯಿ ಒಣಗಿ ಬಂತೆಂದರೆ ರೇವವ್ವನ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಡುವೆ ಕೆಂಪು ರಾಶಿ, ಸುತ್ತ ಹೆಂಗಸರು. ಒಂದೊಂದೇ ಕಾಯಿ ಹಿಡಿದು ತೊಟ್ಟು ಮುರಿದು ಹಿಂದಕ್ಕೆ ಎಸೆಯುವುದು, ಅಷ್ಟೇ ಕೆಲಸ. ಮಧ್ಯಾಹ್ನದ ಹೊತ್ತಿಗೆ ಬೆರಳ ತುದಿ ಉರಿಯುತ್ತದೆ, ಮೂಗು ಸೋರುತ್ತದೆ, ಬೆನ್ನು ಹಲಗೆಯಾಗುತ್ತದೆ. ಹದಿನೇಳರ ಅತಿಯಾ ಗೋಡೆಗೆ ಒರಗಿ, ತಲೆಯ ಮೇಲೆ ಓಡಣಿ ಎಳೆದುಕೊಂಡು ಕೂರುತ್ತಾಳೆ. ಮನೆಗೆ ನಾಲ್ಕು ಮಂದಿ ಬಂದರೆ ಅವಳ ಬಾಯಿ ಕಟ್ಟಿಹೋಗುತ್ತದೆ. ಇಲ್ಲಿ ಮಾತ್ರ ಕಣ್ಣು ಕಾಯಿಯ ಮೇಲಿಟ್ಟು, ಮುಖ ಎತ್ತದೆ, ಕೊರಿಯಾದ ಸಿನಿಮಾ ಹೇಳುತ್ತಾಳೆ.

ಸಿನಿಮಾಗಳು ಹಿಂದಿಗೆ ಡಬ್ ಆಗಿ ಬಂದಿರುತ್ತವೆ. ಮನೆಯಲ್ಲಿ ಉರ್ದು ಆಡುವವಳಿಗೆ ಅದು ತಿಳಿಯುತ್ತದೆ. ಅವಳು ಅದನ್ನು ಕನ್ನಡ ಮಾಡಿ ಹೇಳಬೇಕು. ಅಣ್ಣಿಗೇರಿಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವ ಸಾಧಿಕ್ ಅವನ್ನೆಲ್ಲ ಮೆಮೊರಿ ಕಾರ್ಡಿಗೆ ಹಾಕಿ ಕೊಡುತ್ತಾನೆ. ಸಾಧಿಕ್ ಎಂದರೆ ಅಬ್ಬಾನ ಅಕ್ಕ ಜುಲೇಖಾಬಿಯ ಮಗ. ಜುಲೇಖಾಬಿಯನ್ನು ಅತಿಯಾ ಫುಫು ಎನ್ನುತ್ತಾಳೆ, ಅವಳ ಮಗನನ್ನು ಭಾಯಿ ಎನ್ನುತ್ತಾಳೆ. ನಡೆಯಲು ಕಲಿತಾಗಿನಿಂದ ಹಾಗೆಯೇ.

ಅವತ್ತು ಬಸ್ಸಿನ ಪಿಕ್ಚರು ನಡೆದಿತ್ತು. ಬಟ್ಟೆ ಒಗೆಯುವ ಅಂಗಡಿಯಲ್ಲಿ ದುಡಿಯುವ ಒಬ್ಬ ಹುಡುಗಿ, ಕೊನೆಯ ಬಸ್ಸು ಓಡಿಸುವ ಒಬ್ಬ ಹುಡುಗ. ಹುಡುಗಿ ದಿನಾಲೂ ಗಾಜಿಗೆ ತಲೆಯಿಟ್ಟು ನಿದ್ದೆ ಹೋಗುತ್ತಾಳೆ. ಕೊನೆಯ ಸ್ಟಾಪ್ ಬಂದರೂ ಹುಡುಗ ಎಬ್ಬಿಸುವುದಿಲ್ಲ. ಹೊರಗೆ ಹಿಮ ಬೀಳುತ್ತಿರುತ್ತದೆ, ಒಳಗೆ ಚಳಿಯಾಗದಿರಲಿ ಎಂದು ಇಂಜಿನ್ ಚಾಲೂ ಇಟ್ಟು ಸುಮ್ಮನೆ ಕೂತಿರುತ್ತಾನೆ.

“ಅಷ್ಟ? ಲವ್ ಮಾಡ್ತೀನಿ ಅಂತ ಹೇಳೂದಿಲ್ಲನ?” ಎಂದಳು ರೋಹಿಣಿ. ಅವಳು ರೇವವ್ವನ ಸೊಸೆ, ಆತುರದವಳು.

“ಅವರು ಹಂಗ ಹೇಳೂದಿಲ್ರಿ ವೈನಿ. ಊಟ ಆತೇನು ಅಂತ ಕೇಳ್ತಾರ. ಹಂಗ ಕೇಳಿದ್ರ ಅದ ಪ್ರೀತಿ.”

ರೇವವ್ವ ಮೂಗು ಒರೆಸಿಕೊಂಡು ನಕ್ಕಳು. “ಊಟ ಕೇಳಿದಾವ್ರೆಲ್ಲಾ ಪ್ರೀತಿ ಮಾಡಾಕತ್ತಾರಂದ್ರ ನಮ್ಮೂರಾಗ ಒಬ್ಬರೂ ಉಳಿಯೂದಿಲ್ಲಬೇ. ಮುಂಜಾನಿಂದ ನನಗ ಓಣಿ ಮಂದಿ ಎಲ್ಲಾ ಕೇಳ್ಯಾರ.”

“ಅತ್ತಿ, ನಿಮ್ಮ ಕಣ್ಣಾಗ ನೀರ ಬಂದಾವ ನೋಡ್ರಿ.”

“ಮೆಣಸಿನಕಾಯಿ ಘಾಟಬೇ ಅದು, ಸುಮ್ಮ ಕುಂದ್ರ. ನೀ ಹೇಳವಾ ಅತಿಯಾ. ಆ ಹುಡುಗಿ ಅವಗ ಏನಂತ ಕರೀತಾಳ?”

“ಒಪ್ಪಾ ಅಂತಾಳ್ರಿ ಕಾಕು.”

“ಹಂಗಂದ್ರ?”

ಅತಿಯಾ ಕೈಯಲ್ಲಿದ್ದ ಕಾಯಿಯನ್ನು ತಿರುಗಿಸಿ ನೋಡಿದಳು. ಡಬ್ ಮಾಡಿದವರು ಬೇರೆ ಮಾತೆಲ್ಲ ಹಿಂದಿ ಮಾಡಿ ಅದೊಂದನ್ನು ಹಾಗೇ ಬಿಟ್ಟಿದ್ದರು. ಅರ್ಥವನ್ನು ಸಾಧಿಕ್ ಹೇಳಿಕೊಟ್ಟಿದ್ದ. “ಅಣ್ಣಾ ಅಂತ ಅರ್ಥರಿ.”

ಪಡಸಾಲೆ ತುಂಬ ನಗೆ ಎದ್ದಿತು. ರೋಹಿಣಿಗೆ ನಕ್ಕು ನಕ್ಕು ಸೀನು ಬಂತು. “ಅಣ್ಣಾ ಅಂದು ಅವನ್ನ ಮದುವಿ ಆಕ್ಕಾಳ? ಥೂ, ಏನ್ ಮಂದಿಬೇ ಅವರು!”

“ನಗಬ್ಯಾಡ್ರಿ,” ಎಂದಳು ರೇವವ್ವ, “ಇಕಿ ಮನ್ಯಾಗೂ ಹಂಗ ಐತಿ. ನಮ್ಮೊಳಗ ಅತ್ತಿ ಮಗಗ ಮೊದಲಿಂದ ಮಾವಾ ಅಂತೀವಿ, ಮುಂದ ಲಗ್ನ ಆದ್ರೂ ಬಾಯಿಗೆ ತೊಡಕಿಲ್ಲ. ಇವರೊಳಗ ಎಲ್ಲಾರೂ ಭಾಯಿ. ಹೌದಿಲ್ಲೋ ಅತಿಯಾ? ಅಣ್ಣಿಗೇರಿ ಹುಡುಗನ ಸುದ್ದಿ ನಿಮ್ಮವ್ವ ಹೇಳಿದ್ಲು.”

ಅತಿಯಾಳ ಬೆರಳು ನಿಂತಿತು. “ನನಗ ಏನೂ ಹೇಳಿಲ್ರಿ ಕಾಕು.”

“ಹೇಳ್ತಾಳ ತಗೋ. ನೀ ನಾಳಿಂದ ಮಾವಾ ಅನ್ನು. ಮುಗದ ಹೋತು.”

ಅಂದು ಅವಳು ಮುಂದಿನ ಕತೆ ಹೇಳಲಿಲ್ಲ. ಗಂಟಲು ಉರಿಯುತ್ತದೆ ಎಂದಳು. ಅದು ಸುಳ್ಳೂ ಆಗಿರಲಿಲ್ಲ.

ಕೊರಿಯಾದ ಸಿನಿಮಾದಲ್ಲಿ ಅತಿಯಾಳಿಗೆ ಸೇರುವುದು ಒಂದು ಸಣ್ಣ ಸಂಗತಿ. ಅಲ್ಲಿ ಮಂದಿಗೆ ದಣಿವಾಗುತ್ತದೆ. ಅವಳು ನೋಡಿದ ಬೇರೆ ಸಿನಿಮಾಗಳಲ್ಲಿ ಹೀರೋ ಹತ್ತು ಜನರನ್ನು ಹೊಡೆದರೂ ಕೂದಲು ಕೆದರುವುದಿಲ್ಲ, ಹೀರೋಯಿನ್ ಯಾವ ಕೆಲಸದಿಂದ ಮನೆಗೆ ಬಂದಳು ಎಂದೂ ತೋರಿಸುವುದಿಲ್ಲ. ಅಲ್ಲಿನ ಹುಡುಗಿಯಾದರೆ ಬಾಗಿಲೊಳಗೆ ಬಂದು, ಒಂದು ಬೂಟು ಬಿಚ್ಚಿ, ಇನ್ನೊಂದು ಬಿಚ್ಚಲು ಆಗದೆ ಗೋಡೆ ಹಿಡಿದು ನಿಲ್ಲುತ್ತಾಳೆ. ಯಾರೂ ಮಾತಾಡುವುದಿಲ್ಲ, ಹಾಡೂ ಇರುವುದಿಲ್ಲ. ಆ ನಿಲ್ಲುವಿಕೆ ಅತಿಯಾಳಿಗೆ ಗೊತ್ತು. ಕೊಲೆಯ ಸಿನಿಮಾಗಳೂ ಅವಳಿಗೆ ಇಷ್ಟ, ಆದರೆ ರಕ್ತ ಬಂದಾಗ ಕಣ್ಣು ಮುಚ್ಚುತ್ತಾಳೆ. ಅವುಗಳಲ್ಲಿ ಕೊಂದವನೇ ಎಲ್ಲರಿಗಿಂತ ಸೌಮ್ಯ. ನೆರೆಮನೆಗೆ ಹಣ್ಣು ಹೆಚ್ಚಿ ತಂದುಕೊಡುತ್ತಾನೆ. ಪೊಲೀಸರು ಊರೆಲ್ಲ ಓಡಿದರೂ ಸಿಗದ ಗುಟ್ಟು ಊಟಕ್ಕೆ ಕೂತಾಗ ಹೊರಬೀಳುತ್ತದೆ, ಯಾರೋ ಒಬ್ಬರು ಆಡಿದ ಒಂದು ಸಾದಾ ಮಾತಿನಿಂದ. ಆ ಮಾತು ಬಿದ್ದಾಗ ಕ್ಯಾಮೆರಾ ಎಲ್ಲೂ ಹೋಗದೆ ಒಂದೇ ಮುಖದ ಮೇಲೆ ನಿಂತಿರುತ್ತದೆ.

ಇದನ್ನೆಲ್ಲ ಅವಳು ಆಡಿಕೊಳ್ಳುತ್ತಿದ್ದುದು ಸಾಧಿಕ್‌ನ ಜೊತೆ ಮಾತ್ರ. “ಭಾಯಿ, ಕೊಂದಾವ ಆ ಡಾಕ್ಟರೇನು?” ಎಂದು ಕೇಳಿದರೆ, “ಹೇಳೂದಿಲ್ಲ, ಪೂರ್ತಿ ನೋಡು” ಎನ್ನುತ್ತಿದ್ದ. ಅವಳು ಮೊದಲೇ ಕಂಡುಹಿಡಿದರೆ ತಲೆಯ ಮೇಲೆ ಮೊಟಕುತ್ತಿದ್ದ.

ಸಂಜೆ ಮನೆಯ ಹೊಸ್ತಿಲು ದಾಟಿ ಗೋಡೆ ಹಿಡಿದು ನಿಂತಾಗ ತಾಯಿ ನಸೀಮಾಬಿ ಕೊಬ್ಬರಿ ಎಣ್ಣೆ ತಂದು ಅವಳ ಬೆರಳಿಗೆ ಸವರಿದಳು. ಹಾಗೆ ಸವರುತ್ತಲೇ ಹೇಳಿದಳು.

“ಶುಕ್ರವಾರ ನಿಮ್ಮ ಫುಫು ಬರ್ತಾಳ. ಸಕ್ಕರಿ ತರ್ತಾಳ. ಈಗ ಮಾತಷ್ಟ, ನಿಕಾಹ್ ನಿನಗ ಹದಿನೆಂಟ ತುಂಬಿದ ಮ್ಯಾಲ.”

ಎರಡೂ ಮನೆಯವರು ಒಬ್ಬರ ಬಾಯಿಗೆ ಒಬ್ಬರು ಸಕ್ಕರೆ ಇಟ್ಟರೆ ಮಾತು ಪಕ್ಕಾ ಆದಂತೆ. ಆಮೇಲೆ ಇಲ್ಲ ಎನ್ನುವುದು ಅವರ ಮನೆತನದಲ್ಲಿ ಇಲ್ಲ.

“ಅಮ್ಮೀ, ಅವ ನನಗ ಭಾಯಿ.”

“ಅದನ್ನ ಹೇಳಾಕತ್ತೇನಿ. ಇನ್ನ ಮ್ಯಾಲ ಹಂಗ ಅನಬಾರ್ದು. ಹೆಸರೂ ಹಿಡೀಬಾರ್ದು. ಸುಮ್ಮನ ಇರಬೇಕು.”

“ಅನ್ನೂದಲ್ಲ ಅಮ್ಮೀ. ನನಗ ಅವ ಭಾಯಿನ.”

ನಸೀಮಾಬಿ ಎಣ್ಣೆಯ ಬಟ್ಟಲು ಕೆಳಗಿಟ್ಟಳು. ಸಿಟ್ಟಿರಲಿಲ್ಲ, ಅವಳೂ ದಣಿದಿದ್ದಳು. “ನಾನೂ ನಿಮ್ಮ ಅಬ್ಬಾಗ ಭಾಯಿ ಅಂತಿದ್ದೆ. ಒಂದ ಓಣಿಯಾಗ ಬೆಳದಾವ್ರು. ಆಮ್ಯಾಲ ಬಿಟ್ಟೆ. ಎಲ್ಲಾರೂ ಬಿಡ್ತಾರ. ನಿನಗ ಬಾಯಿಲ್ಲ, ಹೊರಗಿನ ಮನ್ಯಾಗ ನಿನ್ನ ಹರದ ತಿಂತಾರ. ಅವ ಗೊತ್ತಿದ್ದ ಹುಡುಗ.”

ಅದೂ ಖರೆಯೇ ಆಗಿತ್ತು. ಸಾಧಿಕ್‌ನಲ್ಲಿ ಕೆಟ್ಟದ್ದು ಹುಡುಕಿದರೂ ಸಿಗುವುದಿಲ್ಲ. ಕೆಟ್ಟವನಾಗಿದ್ದರೆ ಹೇಳುವುದು ಸುಲಭವಿತ್ತು. ಅಂದಿನಿಂದ ಶುಕ್ರವಾರದವರೆಗೆ ಅವಳು ಬಾಯಿಯೊಳಗೇ ಮಾವಾ ಎಂದು ನೋಡಿದಳು, ಒಪ್ಪಾ ಎಂದೂ ನೋಡಿದಳು. ಯಾವುದನ್ನು ಅಂದರೂ ತಲೆ ಮೊಟಕುವ ಅದೇ ಕೈ ಕಣ್ಣ ಮುಂದೆ ಬರುತ್ತಿತ್ತು. ಅವನೂ ಒಪ್ಪಿದ್ದಾನೋ ಏನೋ, ಕೇಳಲು ಧೈರ್ಯ ಬರಲಿಲ್ಲ.

ಶುಕ್ರವಾರ ನಮಾಜು ಮುಗಿದ ಮೇಲೆ ಫುಫು ಬಂದಳು, ಹಿಂದೆ ಸಾಧಿಕ್. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಕಣ್ಣು ಮಾತ್ರ ನಿದ್ದೆಗೆಟ್ಟವನ ಕಣ್ಣು. ಚಾಪೆಯ ಅಂಚು ನೋಡುತ್ತ ಕೂತ. ಅಬ್ಬಾ ಅಲ್ಲಾಸಾಬ ಗಾದಿ ಹೊಲಿಯುವ ಸೂಜಿ ದಾರ ಬದಿಗಿಟ್ಟು, ಟೋಪಿ ಸರಿಪಡಿಸಿಕೊಂಡು ಎದುರಿಗೆ ಕೂತ. ಫುಫು ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ನಡುವೆ ಇಟ್ಟಳು.

ಅತಿಯಾ ಚಹಾ ತಂದಳು. ಫುಫುಗೆ ಕೊಟ್ಟಳು, ಅಬ್ಬಾಗೆ ಕೊಟ್ಟಳು. ಸಾಧಿಕ್‌ನ ಮುಂದೆ ಬಗ್ಗಿದಾಗ, ಗುಟ್ಟು ಊಟದ ಹೊತ್ತಿಗೇ ಹೊರಬೀಳುವ ಆ ಸಿನಿಮಾಗಳು ನೆನಪಾದವು. ಒಂದು ಸಾದಾ ಮಾತು ಸಾಕು ಎಂದುಕೊಂಡಳು. ಇಷ್ಟು ಜನರ ನಡುವೆ ಅವಳಿಗೆ ಒಂದಕ್ಕಿಂತ ಹೆಚ್ಚು ಮಾತು ಬರುವಂತೆಯೂ ಇರಲಿಲ್ಲ.

“ಚಹಾ ತಗೋರಿ, ಭಾಯಿ.”

ಎಲ್ಲರಿಗೂ ಕೇಳಿಸಿತು. ಫುಫು ನಕ್ಕುಬಿಟ್ಟಳು.

“ಅಯ್ಯ, ಪಾಪ! ಬಾಯಿಗೆ ರೂಢಿ ಬಿದ್ದೈತಿ. ನಿಕಾಹ್ ಆದ ಮ್ಯಾಲ ತಾನ ಹೋಕ್ಕೈತಿ ತಗೋ.”

ನಸೀಮಾಬಿಯೂ ನಕ್ಕಳು, ಅಬ್ಬಾನೂ ನಕ್ಕ. ಅತಿಯಾ ಹಾಗೇ ಬಗ್ಗಿ ನಿಂತಿದ್ದಳು. ಸಿನಿಮಾದಲ್ಲಾಗಿದ್ದರೆ ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಇಲ್ಲಿ ಯಾರೂ ನೋಡಲಿಲ್ಲ. ಇದ್ದ ಒಂದು ಮಾತೂ ಮುಗಿದುಹೋಗಿತ್ತು. ಫುಫು ಡಬ್ಬಿಯ ಮುಚ್ಚಳ ತೆಗೆದು, ಸಕ್ಕರೆಗೆ ಬೆರಳಿಟ್ಟು, “ಬಾರವಾ, ಬಾಯಿ ತಗಿ” ಎಂದಳು.

ಆಗ ಸಾಧಿಕ್ ಕಪ್ಪು ತೆಗೆದುಕೊಂಡ. ತಲೆಯೆತ್ತಿ ಅತಿಯಾಳನ್ನೇ ನೋಡಿ ಹೇಳಿದ.

“ಸಕ್ಕರಿ ಬ್ಯಾಡ, ಬೆಹನಾ. ಚಹಾದಾಗ ಐತಿ, ಸಾಕು.”

ಬೆಹನಾ ಎಂದರೆ ತಂಗಿ. ಅವನು ಎಂದೂ ಅವಳನ್ನು ಹಾಗೆ ಕರೆದವನಲ್ಲ. ಏ ಅತಿಯಾ ಎನ್ನುತ್ತಿದ್ದ, ಇಲ್ಲವೆ ಏ ಕಳ್ಳೀ ಎನ್ನುತ್ತಿದ್ದ. ಅದಕ್ಕೇ ಇದನ್ನು ರೂಢಿ ಎನ್ನಲು ಯಾರಿಗೂ ಆಗಲಿಲ್ಲ. ಫುಫುವಿನ ಕೈ ಡಬ್ಬಿಯೊಳಗೇ ನಿಂತಿತು. “ಏನಂದಿ?” ಎಂದು ಕೇಳಿದಳು. ಸಾಧಿಕ್ ಆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಚಹಾ ಊದಿ ಊದಿ ಕುಡಿದ.

ಫುಫು ಮುಚ್ಚಳ ಹಾಕಿದಳು. ಅದು ಸರಿಯಾಗಿ ಕೂರದೆ, ಅಂಗೈಯಿಂದ ಒತ್ತಿ ಒತ್ತಿ ಕೂರಿಸಿದಳು. “ಸಿನಿಮಾ ನೋಡಿ ನೋಡಿ ಎರಡೂ ತಲಿ ಕೆಟ್ಟಾವ. ನನ್ನ ಮುಖಕ್ಕ ಮಸಿ ಬಳದ್ರಿ” ಎಂದು ಎದ್ದಳು. ಅಡುಗೆ ಆಗಿತ್ತು, ಉಣ್ಣಲಿಲ್ಲ. ಅಬ್ಬಾ ಬಸ್ ಸ್ಟಾಂಡಿನವರೆಗೆ ಹಿಂದೆ ಹೋದರೂ ಫುಫು ತಿರುಗಿ ನೋಡಲಿಲ್ಲವಂತೆ.

ಹೊರಡುವಾಗ ಬಾಗಿಲಲ್ಲಿ ಸಾಧಿಕ್ ಚಪ್ಪಲಿ ಮೆಟ್ಟುತ್ತ ಕೇಳಿದ, “ಬಸ್ಸಿನ ಪಿಕ್ಚರ್ ಮುಗೀತೇನು?”

“ಇನ್ನಾ ಇಲ್ಲ, ಭಾಯಿ.”

“ಪೂರ್ತಿ ನೋಡು.”

ಅವನು ಇನ್ನು ಕಾರ್ಡು ತರುವುದಿಲ್ಲ. ಫುಫು ಈ ಮನೆಗೆ ಬರಲು ಬಿಡುವುದಿಲ್ಲ. ಬೇಡವಾದದ್ದು ತಪ್ಪಿತು, ಅದರ ಜೊತೆ ಬೇಕಾಗಿದ್ದದ್ದೂ ಹೋಯಿತು. ಅತಿಯಾಳಿಗೆ ಅಳು ಬರಲಿಲ್ಲ, ಸಮಾಧಾನವೂ ಆಗಲಿಲ್ಲ. ಮಲಗಬೇಕು ಎನಿಸಿತು. ನಸೀಮಾಬಿ ಬಯ್ಯಲಿಲ್ಲ. ಕಪ್ಪು ತೊಳೆಯುತ್ತ, “ನಿನಗ ಬಾಯಿಲ್ಲ ಅಂತ ಊರ ತುಂಬ ಹೇಳ್ಕೋತ ಅಡ್ಡಾಡಿದೆ” ಎಂದಳು. ಮರುದಿನ ಮುಂಜಾನೆ, “ರೊಟ್ಟಿ ತಿಂದಿ?” ಎಂದು ಕೇಳಿದಳು.

ಅತಿಯಾ ಮಧ್ಯಾಹ್ನ ಆ ಪಿಕ್ಚರಿನ ಉಳಿದ ಭಾಗ ನೋಡಿದಳು. ಅದರಲ್ಲಿ ಅವರಿಬ್ಬರ ಮದುವೆ ಆಗುವುದಿಲ್ಲ. ಹುಡುಗಿ ಒಂದು ದಿನ ತಾನೇ ಎಚ್ಚರಗೊಂಡು, ತನ್ನ ಸ್ಟಾಪಿನಲ್ಲಿ ಇಳಿಯುತ್ತಾಳೆ. ಬಸ್ಸು ಮುಂದೆ ಹೋಗುತ್ತದೆ. ಇದನ್ನು ಕೇಳಿದರೆ ರೇವವ್ವ ಬೈಯುತ್ತಾಳೆ, ರೋಹಿಣಿ ಇನ್ನೂ ಜೋರು ಬೈಯುತ್ತಾಳೆ. ಮದುವೆ ಮಾಡಿಸಿ ಹೇಳಿಬಿಡಲೇ ಎಂದು ಅತಿಯಾ ತುಸು ಹೊತ್ತು ಯೋಚಿಸಿದಳು.

ಪಡಸಾಲೆಯಲ್ಲಿ ಮೆಣಸಿನಕಾಯಿ ಇನ್ನೂ ಉಳಿದಿದೆ. ನಾಳೆ ಮುಂಜಾನೆ ಅತಿಯಾ ಬೆರಳಿಗೆ ಎಣ್ಣೆ ಸವರಿಕೊಂಡು ಅಲ್ಲಿಗೆ ಹೋಗಿ, ಗೋಡೆಗೆ ಒರಗಿ ಕೂತು ತೊಟ್ಟು ಮುರಿಯುತ್ತಾಳೆ. ಅವರು ಕೇಳಿದರೆ, ಪಿಕ್ಚರು ಹೇಗೆ ಮುಗಿಯಿತೋ ಹಾಗೆಯೇ ಹೇಳುತ್ತಾಳೆ.