ನೀಲತ್ತಿ ಹೇಳದೇ ಉಳಿಸಿದ ಹೆಸರು

ಹೋದ ತಿಂಗಳು ಮಾಧವರಂನಲ್ಲಿ ನಮ್ಮ ಆಫೀಸಿನ ಹುಡುಗಿಯೊಬ್ಬಳ ಮನೆಗೆ ಊಟಕ್ಕೆ ಹೋಗಿದ್ದೆ. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಒಂದು ವಾಸನೆ ಮೂಗಿಗೆ ಬಡಿದು ಅಲ್ಲೇ ನಿಂತುಬಿಟ್ಟೆ. ಎಮ್ಮೆಗೆಂದು ಬಕೆಟ್ಟಿನಲ್ಲಿ ಹತ್ತಿಕಾಳು ನೆನೆಹಾಕಿದ್ದರು. ಹಸಿ ಹಾಲಿನದೂ ಅಲ್ಲದ, ಎಣ್ಣೆಯದೂ ಅಲ್ಲದ, ಒಂದಿಷ್ಟು ಹುಳಿ ಬೆರೆತ ಆ ವಾಸನೆ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ. ನನಗೆ ಅದು ಆದವಾನಿಯ ನಮ್ಮ ಹಳೆಯ ಮನೆಯ ವಾಸನೆ. ಕೋಟೆಗುಡ್ಡದ ಕೆಳಗಿನ ಓಣಿಯಲ್ಲಿ ಮಣ್ಣಿನ ಮಾಳಿಗೆಯ ಮನೆ, ಅಂಗಳದ ಮೂಲೆಯಲ್ಲಿ ಒರಳು, ಒರಳಿನ ಮುಂದೆ ಕಾಲು ಚಾಚಿ ಕೂತು ಹತ್ತಿಕಾಳು ರುಬ್ಬುತ್ತಿದ್ದ ನೀಲತ್ತಿ. ಅಪ್ಪನ ತಂಗಿ ಆಕೆ. ರುಬ್ಬುಗುಂಡು ತಿರುಗಿಸುತ್ತ ತಿರುಗಿಸುತ್ತಲೇ ಬಾಯಲ್ಲಿ ಮಾತನ್ನೂ ತಿರುಗಿಸುತ್ತಿದ್ದಳು, ಎದುರಿಗೆ ಕೂತು ಒರಳಿಗೆ ಕಾಳು ನೂಕುವುದು ನನ್ನ ಕೆಲಸವಾಗಿತ್ತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಮಹಾ ಅನುಮಾನದವಳು. ಅಂಗಡಿಯವನು ನಕ್ಕರೆ ನನ್ನ ಕಣ್ಣು ತಕ್ಕಡಿಯ ಕಡೆಗೆ ಹೋಗುತ್ತದೆ. ಯಾರಾದರೂ ಸುಮ್ಮನೆ ಹೊಗಳಿದರೆ ಇವರಿಗೆ ನನ್ನಿಂದ ಏನಾಗಬೇಕಾಗಿದೆ ಅಂತ ಲೆಕ್ಕ ಹಾಕುತ್ತೇನೆ. ಇದು ನನಗೆ ಬಂದದ್ದೇ ಆ ಮನೆಯಿಂದ. ಆ ಮನೆಯಲ್ಲಿ ಯಾರೂ ಒಂದು ಮಾತನ್ನು ಒಂದೇ ಅರ್ಥಕ್ಕೆ ಆಡುತ್ತಿರಲಿಲ್ಲ. ಒಳಗೆ ಕನ್ನಡ, ಬಾಗಿಲು ದಾಟಿದರೆ ತೆಲುಗು, ಹಾಗಾಗಿ ಮಾತಿಗೆ ಎರಡು ಮುಖ ಇರುವುದು ನಮಗೆ ಹೊಸದಲ್ಲ. ಬೆಳಿಗ್ಗೆ ನಮ್ಮ ಎಮ್ಮೆಯ ಹಾಲು ಒಯ್ಯಲು ಹಾಲಿನವಳು ಬಂದು, ಹಾಲು ಎನ್ನುವುದನ್ನು ತೆಲುಗಿನಲ್ಲಿ "ಪಾಲು" ಎಂದು ಕೂಗಿದರೆ ಅಪ್ಪನ ತಾಯಿ, ನಾವೆಲ್ಲ ಅವ್ವ ಎನ್ನುತ್ತಿದ್ದ ಮುದುಕಿ, ಒಳಗಿನಿಂದಲೇ "ಯಾವ ಪಾಲವ್ವ, ಹೊಲದ್ದೇನು ಮನೀದೇನು?" ಎಂದು ಕೇಳುತ್ತಿದ್ದಳು. ದಿನಾ ಅದೇ ಮಾತು, ದಿನಾ ಅದೇ ನಗು. ಜಿನ್ನಿಂಗ್ ಮಿಲ್ಲಿನಿಂದ ತಲೆತುಂಬ ಹತ್ತಿಯ ಎಳೆ ಹೊತ್ತುಕೊಂಡು ಬರುತ್ತಿದ್ದ ಅಪ್ಪ ಕೂಡ ಊಟಕ್ಕೆ ಕೂತರೆ ಒಂದಾದರೂ ಚೇಷ್ಟೆ ಮಾಡದೆ ಏಳುತ್ತಿರಲಿಲ್ಲ. ಅವರೆಲ್ಲ ನಕ್ಕಾಗ ನನಗೆ ಮಾತ್ರ, ಇವರು ನನ್ನನ್ನೇ ನೋಡಿ ನಗುತ್ತಿದ್ದಾರೆ ಎಂಬ ಗುಮಾನಿ.

ಒಂದು ದಿನ ತಡೆಯಲಾರದೆ ಒರಳಿನ ಮುಂದೆ ಅತ್ತುಬಿಟ್ಟೆ. ನೀಲತ್ತಿ ಸೆರಗಿನಿಂದ ನನ್ನ ಮೂಗು ಒರೆಸಿದಳು. "ಅಳಬ್ಯಾಡ, ಕಲ್ತುಕೋ. ಮಾತನ್ನ ಹಂಗೇ ನುಂಗಬಾರದು ಗಿರಿಜಿ. ಬಾಯಾಗ ಇಟ್ಕೊಂಡು ಒಂದೀಟು ಜಗಿ. ಒಳಗ ಏನೈತಿ ನೋಡು, ಏನಿಲ್ಲ ಅದನ್ನೂ ನೋಡು" ಎಂದಳು. ಅವತ್ತಿನಿಂದ ನನಗೆ ಪಾಠ ಶುರುವಾಯಿತು. ಅವಳು ಒಂದು ಕನ್ನಡದ ಮಾತು ಕೊಡುವುದು, ಅದು ತೆಲುಗಿನಲ್ಲೂ ಇದೆಯೇ, ಇದ್ದರೆ ಅಲ್ಲಿ ಅದರ ಅರ್ಥವೇನು ಅಂತ ನಾನು ಹುಡುಕುವುದು. ಮೊದಮೊದಲು ನಾನು ಮಾಡಿದ ಚೇಷ್ಟೆಗಳಿಗೆ ಎಮ್ಮೆ ಕೂಡ ನಗುವಂತಿರಲಿಲ್ಲ. ಆಮೇಲೆ ಒಂದು ದಿನ ಶಾಲೆಯಲ್ಲಿ ಮೇಷ್ಟ್ರು, ನಾನು ಹೋಮ್‌ವರ್ಕ್ ಮಾಡಿಲ್ಲ ಎಂದದ್ದಕ್ಕೆ, ತೆಲುಗಿನಲ್ಲಿ "ಮರಿ?" ಎಂದರು. ಮತ್ತೇನು ಎಂದು ಅವರ ಪ್ರಶ್ನೆ. ನಾನು ಎದ್ದು ನಿಂತು "ಹಟ್ಟ್ಯಾಗ ಐತ್ರಿ ಸಾರ್, ಹಾಲು ಕುಡೀತೈತಿ" ಎಂದೆ. ಕುರಿ ಸಾಕುವ ಮನೆಯ ಹುಡುಗರೇ ತುಂಬಿದ್ದ ಕ್ಲಾಸು ಅದು, ಬೆಂಚು ಬಡಿದು ನಕ್ಕರು. ಅಂಗೈಗೆ ಎರಡು ಏಟು ಬಿದ್ದವು. ಮನೆಗೆ ಬಂದು ಹೇಳಿದರೆ ನೀಲತ್ತಿ ರುಬ್ಬುವುದನ್ನು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಕೆಂಪಾಗಿದ್ದ ನನ್ನ ಅಂಗೈ ಮೇಲೆ ಒಂದು ಬೆಲ್ಲದ ಚೂರು ಇಟ್ಟಳು. ಅಷ್ಟು ಖುಷಿಯಾಗಿ ಇರುವುದು ಸಾಧ್ಯ ಎಂದು ನನಗೆ ಗೊತ್ತಾದದ್ದೇ ಅವತ್ತು.

ಆದರೆ ಅನುಮಾನದವಳ ಕೈಗೆ ಇಂಥ ವಿದ್ಯೆ ಕೊಡಬಾರದು. ಅವಳೇ ಕಲಿಸಿದ ಹಾಗೆ ಎಲ್ಲರ ಮಾತನ್ನೂ ಜಗಿಯುತ್ತ ಹೋದ ನಾನು ಕೊನೆಗೆ ಅವಳ ಮಾತಿಗೇ ಬಂದು ನಿಂತೆ. ನಮ್ಮ ಕಡೆ ಒಂದು ಪದ್ಧತಿ ಇದೆ. ಸೀಮಂತ, ಪೂಜೆ, ತೊಟ್ಟಿಲ ಕಾರ್ಯ ಯಾವುದೇ ಇರಲಿ, ಆರತಿ ಎತ್ತುವ ಮುತ್ತೈದೆ ತನ್ನ ಗಂಡನ ಹೆಸರು ಹೇಳಬೇಕು. ಬರೀ ಹೆಸರು ಹೇಳಿದರೆ ಬೆಲೆಯಿಲ್ಲ, ಪ್ರಾಸ ಕಟ್ಟಿ ಅದರೊಳಗೆ ಹೆಸರನ್ನು ಸೇರಿಸಿ ಒಡಪು ಹೇಳಬೇಕು. "ಆದವಾನಿ ಹತ್ತಿ, ದೀಪಕ್ಕ ಬತ್ತಿ, ಈರಣ್ಣೋರ ಹೆಸರು ಹೇಳ್ತೀನಿ ಕೇಳ್ರಿ ಒತ್ತಿ ಒತ್ತಿ" ಎಂದು ಪಕ್ಕದ ಮನೆಯ ಗೌರಮ್ಮ ಹದಿನೈದು ವರ್ಷದಿಂದ ಒಂದೇ ಒಡಪನ್ನು ಎಳೆದಾಡುತ್ತಿದ್ದಳು. ನೀಲತ್ತಿಯದು ಮಾತ್ರ ಪ್ರತಿ ಸಲವೂ ಹೊಸದು. ಓಣಿಯಲ್ಲಿ ಯಾರ ಮನೆಯಲ್ಲಿ ಕಾರ್ಯವಾದರೂ ಮೊದಲ ಆರತಿ ಅವಳಿಗೇ, ಅವಳ ಒಡಪು ಕೇಳಲೆಂದೇ ಹೆಂಗಸರು ಕಾಯುತ್ತಿದ್ದರು. ಅವಳ ಗಂಡ ದೂರದ ಊರಲ್ಲಿ ಕೆಲಸದಲ್ಲಿದ್ದಾನೆ, ರಜೆ ಸಿಗುವುದಿಲ್ಲ ಅಂತ ಅವ್ವ ಎಲ್ಲರಿಗೂ ಹೇಳಿದ್ದಳು. ನಮಗೂ ಅದನ್ನೇ ಹೇಳಿದ್ದಳು. ಗಂಡ ಬಿಟ್ಟವಳ ಕೈಗೆ ನಮ್ಮ ಓಣಿಯಲ್ಲಿ ಆರತಿ ತಟ್ಟೆ ಕೊಡುವುದಿಲ್ಲ. ನೀಲತ್ತಿಯ ಮಾನವೆಲ್ಲ ಆ ಒಂದು ಸುಳ್ಳಿನ ಮೇಲೆ, ಆ ಸುಳ್ಳು ಅವಳ ಒಡಪಿನ ಮೇಲೆ ನಿಂತಿತ್ತು. ಹನ್ನೊಂದು ವರ್ಷದ ನನಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ, ಅತ್ತಿಯ ಒಡಪಿನಲ್ಲಿ ಏನೋ ಒಂದು ಕಡಿಮೆ ಇದೆ.

ಏನು ಅಂತ ಹಿಡಿಯಲು ನನಗೆ ಮೂರು ಕಾರ್ಯಗಳು ಬೇಕಾದವು. ಹೆಂಗಸರು ನಗುತ್ತಿದ್ದಾಗ ನಾನು ನಗದೆ ಅವಳ ಬಾಯನ್ನೇ ನೋಡುತ್ತಿದ್ದೆ, ಮನೆಗೆ ಬಂದು ಒಡಪನ್ನು ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡುತ್ತಿದ್ದೆ. ಕಳ್ಳನನ್ನು ಹಿಡಿಯಲು ಹೊರಟ ಪೊಲೀಸನ ಗತ್ತು ನನ್ನದು. ಎದುರುಮನೆಯ ಸರೋಜಕ್ಕನ ಸೀಮಂತದ ದಿನ ನೀಲತ್ತಿ ಹಸಿರು ಸೀರೆ ಉಟ್ಟು, ಆರತಿ ತಟ್ಟೆ ಹಿಡಿದು ನಿಂತಳು. ಹೆಂಗಸರೆಲ್ಲ ಹೆಸರು ಹೇಳು ಎಂದು ಗದ್ದಲ ಮಾಡಿದರು. ಅವಳು ಹುಬ್ಬು ಹಾರಿಸಿ ಹೇಳಿದಳು, "ಎಣ್ಣಿ ಕಾದೈತಿ ಬಾಣಲ್ಯಾಗ, ಸಂಡಿಗಿ ಅರಳೈತಿ ಎಣ್ಣ್ಯಾಗ, ನಮ್ಮನಿಯವರ ಹೆಸರೈತಿ ನನ್ನ ಕಣ್ಣಾಗ, ಓದಾಕ ಬಂದ್ರ ಓದ್ಕೊಳ್ರಿ." ಮನೆ ತುಂಬ ನಗು. ಆ ನಗು ಇಳಿಯುವ ಮೊದಲೇ ನಾನು ಮುಂದೆ ಬಂದೆ.

"ಅತ್ತಿ, ಹೆಸರೇ ಬರಲಿಲ್ಲಲ್ಲ" ಎಂದೆ. ಅಷ್ಟಕ್ಕೆ ಬಿಡಲಿಲ್ಲ. ಹಿಂದಿನ ಎರಡು ಒಡಪನ್ನೂ ಗಟ್ಟಿಯಾಗಿ ಒಪ್ಪಿಸಿ, ಅವುಗಳಲ್ಲೂ ಹೆಸರಿಲ್ಲ ಎಂದು ಬೆರಳು ಮಡಚಿ ತೋರಿಸಿದೆ. ನನಗೆ ಬೆಲ್ಲದ ಚೂರು ಸಿಗುತ್ತದೆ ಎಂಬ ಆಸೆ ಇತ್ತೆಂದು ಕಾಣುತ್ತದೆ. ನಗು ನಿಂತಿತು. ಗೌರಮ್ಮ ಎಲೆ ಅಡಿಕೆ ಜಗಿಯುತ್ತಿದ್ದವಳು ಜಗಿಯುವುದನ್ನು ನಿಲ್ಲಿಸಿ, "ಹೌದಲ್ಲ. ಹುಡುಗಿ ಹೇಳೋದು ಖರೇನ ಐತಿ. ಚೆಪ್ಪು ನೀಲಮ್ಮ, ಒಂದು ಹೆಸರು ಹೇಳಾಕ ಏನಾಗ್ತೈತಿ ನಿನಗ?" ಎಂದಳು. ಅವಳ ದನಿಯಲ್ಲಿ ಬಹಳ ದಿನದ ಗುಮಾನಿ ಇತ್ತು, ನಾನು ಅದಕ್ಕೆ ಬಾಗಿಲು ತೆಗೆದಿದ್ದೆ. ಅವ್ವ ಗೋಡೆ ಹಿಡಿದುಕೊಂಡು ಎದ್ದು ನಿಂತಳು. ನೀಲತ್ತಿ ನನ್ನನ್ನು ನೋಡಿದಳು, ಬೈಯಲಿಲ್ಲ. ಬೇಕಾದರೆ ಅವಳು ಆ ಕ್ಷಣಕ್ಕೂ ಇನ್ನೊಂದು ಪ್ರಾಸ ಕಟ್ಟಿ ಪಾರಾಗುತ್ತಿದ್ದಳು. ಅವಳು ತಟ್ಟೆಯನ್ನು ಕೆಳಗಿಟ್ಟಳು.

"ಹೇಳಾಂಗಿಲ್ರಿ" ಎಂದಳು. "ನಾಕು ವರ್ಷ ಆತು, ಪತ್ತಿಕೊಂಡ ಊರಾಗ ಬ್ಯಾರೆ ಆಕೀನ ಇಟ್ಕೊಂಡು ಮನಿ ಮಾಡ್ಯಾನ. ಆ ಹೆಸರು ನನ್ನ ಬಾಯಾಗ ಬರಾಂಗಿಲ್ಲ."

ದೀಪ ಆರುವ ಮೊದಲು ಬೇರೆ ಯಾರೋ ತಟ್ಟೆ ಎತ್ತಿಕೊಂಡರು. ಕಾರ್ಯ ನಡೆಯಿತು, ಊಟವೂ ಆಯಿತು. ಆಮೇಲೆ ಓಣಿಯವರು ನೀಲತ್ತಿಯನ್ನು ಕರೆಯುವುದನ್ನು ಬಿಡಲಿಲ್ಲ. ಆದರೆ ಸಂಡಿಗೆ ಕರಿಯಲು, ಹೋಳಿಗೆ ಲಟ್ಟಿಸಲು ಹಿತ್ತಲಿಗೆ ಕರೆದರು, ಆರತಿಗೆ ಕರೆಯಲಿಲ್ಲ. ಅವ್ವ ನನಗೆ ಒಂದೇ ಮಾತು ಹೇಳಿದಳು, "ನೀನಾದ್ರೂ ಸುಮ್ನ ಇರಬೇಕಿತ್ತು." ಅಪ್ಪ ಊಟಕ್ಕೆ ಕೂತರೆ ತಟ್ಟೆ ನೋಡಿಕೊಂಡು ಉಂಡು ಏಳತೊಡಗಿದ. ಹಾಲಿನವಳ ಕೂಗಿಗೆ ಒಳಗಿನಿಂದ ಉತ್ತರ ಬರುವುದು ನಿಂತಿತು. ನೀಲತ್ತಿ ಮಾತ್ರ ನನ್ನ ಜೊತೆ ಮೊದಲಿನಂತೆಯೇ ಇದ್ದಳು, ತಲೆ ಬಾಚುತ್ತಿದ್ದಳು, ತುತ್ತು ಕೊಡುತ್ತಿದ್ದಳು. ಆದರೆ ಒರಳಿನ ಮುಂದೆ ಅವಳ ಬಾಯಿಂದ ಬರುತ್ತಿದ್ದದ್ದು ಕಾಳು ನೂಕು, ನೀರು ಹಾಕು, ಇಷ್ಟೇ. ಇವಳಿಗೆ ನನ್ನ ಮೇಲೆ ಸಿಟ್ಟಿದೆಯೇ, ಇದ್ದರೆ ಯಾಕೆ ಹೊಡೆಯುವುದಿಲ್ಲ, ಇಲ್ಲದಿದ್ದರೆ ಯಾಕೆ ಒಂದು ಚೇಷ್ಟೆ ಮಾಡುವುದಿಲ್ಲ ಅಂತ ನಾನು ಅವಳ ಮುಖವನ್ನೇ ಕಾಯುತ್ತಿದ್ದೆ. ಒಂದೇ ಒಂದು ಚೇಷ್ಟೆ ಮಾಡಿದ್ದರೆ ಕ್ಷಮಿಸಿದ್ದಾಳೆ ಅಂತ ತಿಳಿಯುತ್ತಿದ್ದೆ. ಮಾಡಲಿಲ್ಲ. ನಾನು ಆ ಮನೆಯಿಂದ ಮದುವೆಯಾಗಿ ಹೋಗುವ ತನಕವೂ ಮಾಡಲಿಲ್ಲ.

ದೊಡ್ಡವಳಾದ ಮೇಲೆ ನನ್ನ ತಲೆಯಲ್ಲಿ ಇನ್ನೊಂದು ಅನುಮಾನ ಬೆಳೆಯಿತು. ಮಾತಿನಲ್ಲಿ ಇಲ್ಲದ್ದನ್ನೂ ನೋಡು ಅಂತ ಕಲಿಸಿದವಳು ಅವಳೇ ತಾನೆ. ಸುಳ್ಳು ಹೊತ್ತು ಹೊತ್ತು ಸಾಕಾಗಿ, ಯಾರಾದರೂ ಇದನ್ನು ಹಿಡಿಯಲಿ ಅಂತಲೇ ಅವಳು ನನ್ನನ್ನು ತಯಾರು ಮಾಡಿದ್ದಳೇ? ಈ ಯೋಚನೆ ನನಗೆ ಬಹಳ ಹಿತವಾಗಿತ್ತು. ಹಿತವಾಗಿದೆ ಅಂತಲೇ ಅದರ ಮೇಲೂ ನನಗೆ ನಂಬಿಕೆ ಇರಲಿಲ್ಲ. ಅವ್ವ ಹೋಗಿ, ಅಪ್ಪ ಹೋಗಿ, ಆ ಮಾಳಿಗೆಯ ಮನೆ ಬಿದ್ದು ಅಲ್ಲಿ ಅಂಗಡಿಗಳಾದ ಮೇಲೆ ನೀಲತ್ತಿ ನನ್ನ ಬಳಿಯೇ ಬಂದು ಇದ್ದಳು. ಅವಳ ಕಡೆಯ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಅತ್ತಿ, ಸರೋಜಕ್ಕನ ಸೀಮಂತದಾಗ ನಾ ಹಂಗ ಅಂದೆನಲ್ಲ. ಅದು ಹೊರಗ ಬರಲಿ ಅಂತ ನಿನ್ನ ಮನಸಿನಾಗೂ ಇತ್ತೇನು?"

ಅವಳು ಕಾಲು ಎಳೆದುಕೊಂಡು ಎದ್ದು ಕೂತಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಇಲ್ಲ ಗಿರಿಜಿ. ಅವತ್ತು ನನಗ ಭಾಳ ನೋವಾತು" ಎಂದಳು.

ಅವಳು ಹೋಗಿ ಆರು ವರ್ಷವಾಯಿತು. ಆ ಮಧ್ಯಾಹ್ನ ಹಿಡಿದ ನನ್ನ ಕೈಯನ್ನು ಅವಳು ಸಂಜೆಯ ತನಕ ಬಿಟ್ಟಿರಲಿಲ್ಲ. ಆ ಮಾತನ್ನು ನಾನು ಅವಳು ಕಲಿಸಿದ ಹಾಗೆ ಎಷ್ಟೋ ಸಲ ಜಗಿದು ನೋಡಿದ್ದೇನೆ, ಕನ್ನಡದಲ್ಲೂ ನೋಡಿದ್ದೇನೆ, ತೆಲುಗಿನಲ್ಲೂ ನೋಡಿದ್ದೇನೆ. ಅದಕ್ಕೆ ಇರುವುದು ಒಂದೇ ಅರ್ಥ.