ವಿಶ್ವವಿದ್ಯಾಲಯ ಸುತ್ತಿದ ಅಕ್ಕಿ ಚೀಲ

ನನ್ನ ಮೊಮ್ಮಗಳಿಗೆ ಬಳ್ಳಾರಿಯ ಕ್ರೈಸ್ತರ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಈ ಮಾತನ್ನು ನಮ್ಮೂರು ದೇಶನೂರಿನಲ್ಲಿ ಎಲ್ಲರಿಗೂ ಹೇಳಿ ಮುಗಿಸಿದ್ದೇನೆ, ಕೆಲವರಿಗೆ ಎರಡೆರಡು ಸಲ. ಇನ್ನು ಬರೆಯುವುದೊಂದು ಉಳಿದಿತ್ತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ತಪ್ಪಿದ್ದರೆ ಅವಳು ತಿದ್ದುತ್ತಾಳೆ, ಅದಕ್ಕೇ ಅಲ್ಲವೇ ಓದಿಸುವುದು.

ಅವಳನ್ನು ಹಾಸ್ಟೆಲಿಗೆ ಬಿಡಲು ಹೊರಟ ದಿನ ನನ್ನ ಹೆಂಡತಿ ನಮ್ಮ ಗದ್ದೆಯ ಸೋನಾ ಮಸೂರಿ ಅಕ್ಕಿಯನ್ನು ಒಂದು ಚೀಲಕ್ಕೆ ತುಂಬಿ, ಬಾಯಿ ಹೊಲಿದು, ನನ್ನ ಹೆಗಲಿಗೆ ಏರಿಸಿದಳು. ಅವಳ ತವರು ಕುರುಗೋಡು. ಅವಳ ಅಣ್ಣ ಮಠದಲ್ಲಿ ಉಂಡು ಓದಿದವರು. ಅವರಪ್ಪ ಪ್ರತಿ ಸುಗ್ಗಿಗೂ ಮಠದ ಅಡುಗೆಮನೆಗೆ ಅಕ್ಕಿ ಒಪ್ಪಿಸಿ ಬರುತ್ತಿದ್ದರಂತೆ. ಮಕ್ಕಳು ಉಣ್ಣುವ ಕಡೆ ಮನೆಯ ಅಕ್ಕಿ ಬೀಳಬೇಕು, ಒಪ್ಪಿಸುವ ತನಕ ಚೀಲ ನೆಲ ಮುಟ್ಟಬಾರದು. ಇದು ಅವರ ಮನೆಯ ರೂಢಿ. ಮದುವೆಯಾದ ಮೇಲೆ ನನ್ನದೂ ಆಯಿತು, ನನ್ನನ್ನು ಯಾರು ಕೇಳಿದರು?

"ಅವ್ರು ಅಕ್ಕಿ ತಗೊಂಡ್ರ ಹುಡುಗಿನ ಬಿಟ್ಟು ಬರ್ರಿ," ಎಂದಳು ಹೆಂಡತಿ. "ಒಲ್ಲೆ ಅಂದ್ರ ಎರಡೂ ವಾಪಸ್ ತರ್ರಿ. ಸಿರುಗುಪ್ಪದಾಗೂ ಕಾಲೇಜ್ ಐತಿ."

ಮೊಮ್ಮಗಳ ಮುಖ ಸಣ್ಣದಾಯಿತು. ಅವಳಿಗೆ ಬೇಕಾದದ್ದು ಫಿಸಿಯೊಥೆರಪಿ, ಅದು ಸಿಕ್ಕಿದ್ದು ಬಳ್ಳಾರಿಯಲ್ಲಿ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಚೀಲ ನನ್ನ ತೊಡೆಯ ಮೇಲೆ, ಅವಳ ಟ್ರಂಕು ನನ್ನ ಪಾದದ ಮೇಲೆ. ಅವಳು ಕಿಟಕಿಯ ಕಡೆ ತಿರುಗಿ, ಆ ಚೀಲ ಯಾರದೋ ಎಂಬಂತೆ ಕೂತಿದ್ದಳು.

ಹೊಸ ಮಕ್ಕಳ ಮನೆಯವರಿಗೆ ಅಲ್ಲಿನ ಕಟ್ಟಡಗಳನ್ನೆಲ್ಲ ತೋರಿಸಲು ಹಾಸ್ಟೆಲಿನ ವಾರ್ಡನ್ ಬಂದರು. ಬಿಳಿ ಸೀರೆಯ ಸಿಸ್ಟರಮ್ಮ, ನಮ್ಮ ಸೀಮೆಯವರೇ. ಅವರು ಮುಂದೆ, ಮೊಮ್ಮಗಳು ಅವರ ಬೆನ್ನಿಗೆ, ಅಕ್ಕಿ ಹೊತ್ತ ನಾನು ಕೊನೆಗೆ.

ಲೈಬ್ರರಿಯ ಬಾಗಿಲಲ್ಲಿ ಚೀಲವನ್ನು ಇಸಕೊಂಡು, ಬ್ಯಾಗುಗಳ ಗೂಡಿನಲ್ಲಿಟ್ಟು, ನನಗೊಂದು ಟೋಕನ್ ಕೊಟ್ಟರು. ಸದ್ಯ, ನೆಲ ಮುಟ್ಟಲಿಲ್ಲ. ಒಳಗೆ ಅಷ್ಟೊಂದು ಜನ, ಒಬ್ಬರಾದರೂ ಮಾತಾಡಬೇಕಲ್ಲ! ನಾನು ಒಮ್ಮೆ ಕೆಮ್ಮಿದೆ, ಇಡೀ ಲೈಬ್ರರಿ ತಿರುಗಿ ನೋಡಿತು. ಜಿಮ್ಮಿನಲ್ಲಿ ಒಬ್ಬ ಹುಡುಗಿ ಗಾಲಿಯಿಲ್ಲದ ಸೈಕಲ್ ತುಳಿಯುತ್ತಿದ್ದಳು. ಬೆವರು ಸುರಿಯುತ್ತಿತ್ತು, ಇದ್ದಲ್ಲೇ ಇದ್ದಳು. ಬಾವಿಯಿಂದ ನೀರೆತ್ತಲು ಜೋಡಿಸಿದ್ದಾರೇನೋ ಎಂದು ಹಿಂದೆ ಹೋಗಿ ನೋಡಿದೆ, ಪೈಪು ಕಾಣಲಿಲ್ಲ. ಮೊಮ್ಮಗಳು ನನ್ನ ಅಂಗಿ ಜಗ್ಗಿದಳು. ಸಭಾಂಗಣದ ಕುರ್ಚಿಗಳು ಎದ್ದ ಕೂಡಲೇ ಮಡಚಿಕೊಳ್ಳುವಂಥವು. ಚೀಲಕ್ಕೆ ಜಾಗ ಮಾಡಿಕೊಟ್ಟು ನಾನು ಕೂರುವಷ್ಟರಲ್ಲಿ ನನ್ನ ಕುರ್ಚಿ ಮಡಚಿಕೊಂಡಿತ್ತು. ಅಕ್ಕಿ ಮೆತ್ತೆಯ ಮೇಲೆ, ನಾನು ನೆಲದ ಮೇಲೆ. ಚಾಪೆಲ್ ಎಂಬ ಅವರ ಗುಡಿ ಮಾತ್ರ ತಂಪಾಗಿತ್ತು. ಮುಂದಿನ ಬೆಂಚಿನಲ್ಲಿ ಚೀಲ ಕೂರಿಸಿ, ಶರಣು ಎಂದು ಕೈ ಮುಗಿದೆ.

ಹಾಸ್ಟೆಲ್ ಕೋಣೆಯಲ್ಲಿ ಮಂಚ, ಮೇಜು, ಬೀರು, ಕಿಟಕಿಯಾಚೆ ಬಂಡೆಗುಡ್ಡ. ಉಳಿದ ಹುಡುಗಿಯರು ಬಟ್ಟೆ ಜೋಡಿಸಿಕೊಳ್ಳುತ್ತಿದ್ದರು. ನಮ್ಮವಳು ಟ್ರಂಕಿನ ಬೀಗವನ್ನೂ ತೆಗೆಯಲಿಲ್ಲ. ಮೇಜಿನ ಮೇಲೆ ಒಮ್ಮೆ ಕೈಯಾಡಿಸಿ ಎದ್ದು ಬಂದಳು.

ಮೆಸ್ಸಿನ ಅಡುಗೆಮನೆ ನಮ್ಮ ಓಣಿಯಷ್ಟು ಉದ್ದ. ಸಸ್ಯಾಹಾರಕ್ಕೆ ಬೇರೆ ಒಲೆ, ಬೇರೆ ಪಾತ್ರೆ. ಮನಸ್ಸು ತುಂಬಿ ಚೀಲ ಮುಂದೆ ಹಿಡಿದೆ. ಸಿಸ್ಟರಮ್ಮ ಬೇಡವೆಂದು ತಲೆಯಾಡಿಸಿದರು.

"ಹೊರಗಿನ ದಿನಸಿ ಅಡುಗಿಮನಿಯಾಗ ತಗೊಳ್ಳಂಗಿಲ್ಲ, ತಾತ. ಹಂಗ ರೂಲ್ಸ್ ಐತಿ."

"ಹಂಗಾರ ಹುಡುಗಿನ ಬಿಡಾಕ ಬರಂಗಿಲ್ರಿ, ಅಮ್ಮಾ."

ಅವರು ತಮಾಷೆ ಎಂದುಕೊಂಡು ನಕ್ಕರು. ಮೊಮ್ಮಗಳು ನಗಲಿಲ್ಲ. ಚೀಲವನ್ನು ಎಲ್ಲಾದರೂ ಇಟ್ಟು, ಒಪ್ಪಿಸಿದೆ ಎಂದು ಅಜ್ಜಿಗೆ ಹೇಳಿಬಿಡು ಎಂದು ನನ್ನ ಕಿವಿಯಲ್ಲಿ ಅಂದಳು. ನಿಮ್ಮಜ್ಜಿ ನನ್ನ ಮುಖ ನೋಡಿದರೆ ಸಾಕು, ಬಸ್ಸಿನಲ್ಲಿ ಯಾವ ಸೀಟಿನಲ್ಲಿ ಕೂತಿದ್ದೆ ಎಂಬುದನ್ನೂ ಹೇಳುತ್ತಾಳೆ ಎಂದೆ. ಅವಳ ಕಣ್ಣು ತುಂಬಿತು.

ಆಗ ಸಿಸ್ಟರಮ್ಮನಿಗೆ ಇದು ತಮಾಷೆಯಲ್ಲ ಎಂದು ಗೊತ್ತಾಯಿತು. ಬೆಳಗಿನಿಂದ ಆ ಚೀಲ ಯಾಕೆ ನೆಲಕ್ಕೆ ಇಳಿಸಿಲ್ಲ ಎಂದು ಕೇಳಿದರು. ಮಠದ್ದು, ಮಾವನದು, ಹೆಂಡತಿಯ ಷರತ್ತು, ಎಲ್ಲ ಹೇಳಿದೆ. ಅವರು ಚಾಪೆಲಿನ ಕಡೆ ಕೈ ತೋರಿಸಿದರು.

"ನಮ್ಮೂರಾಗೂ ಮೊದಲನೇ ಬೆಳಿ ಚರ್ಚಿಗೆ ಕೊಡ್ತಾರ, ತಾತ. ನೀವೂ ಚಾಪೆಲ್‌ನಾಗ ಇಡ್ರಿ. ಅಲ್ಲಿ ಬಂದ ಕಾಣಿಕಿ ಈ ಅಡುಗಿಮನಿಗೇ ಬರತೈತಿ. ಅದಕ್ಕ ಯಾವ ರೂಲ್ಸೂ ಅಡ್ಡ ಇಲ್ಲ."

ಮತ್ತೆ ಅಷ್ಟು ದೂರ ನಡೆಯಬೇಕಲ್ಲ ಎಂದು ನಾನು ಹೆಗಲು ಕೊಡುವಷ್ಟರಲ್ಲಿ ಮೊಮ್ಮಗಳು ಚೀಲಕ್ಕೆ ಕೈ ಹಾಕಿದಳು. "ತಾ ಇಲ್ಲಿ. ನಾ ಹೊರ್ತೀನಿ." ಹೊತ್ತೇಬಿಟ್ಟಳು. ಜಿಮ್ಮಿನ ಮುಂದೆ, ಲೈಬ್ರರಿಯ ಮುಂದೆ, ಹುಡುಗ ಹುಡುಗಿಯರೆಲ್ಲ ನೋಡುತ್ತಿರುವಾಗಲೇ! ಮೊದಲೇ ಕೂತು ನೋಡಿದ್ದ ಚಾಪೆಲಿನ ಬೆಂಚಿಗೇ ಚೀಲ ಹೋಗಿ ಮುಟ್ಟಿತು. ಸಿಸ್ಟರಮ್ಮ ಅವರ ಪ್ರಾರ್ಥನೆ ಹೇಳಿದರು, ವಿಭೂತಿ ಹಚ್ಚಿದ ಹಣೆ ಬಗ್ಗಿಸಿ ನಾನು ನಮ್ಮದು ಹೇಳಿದೆ. ದೇವರುಗಳು ತಕರಾರು ಮಾಡಲಿಲ್ಲ. ಮೊಮ್ಮಗಳು ಟ್ರಂಕಿನ ಬೀಗದ ಕೈ ಹುಡುಕುತ್ತಾ ಹಾಸ್ಟೆಲಿನ ಕಡೆ ಓಡಿದಳು, ನನಗೆ ಹೋಗಿ ಬಾ ಎನ್ನುವುದನ್ನೂ ಮರೆತು.

ಸಂಜೆ ಮನೆ ಮುಟ್ಟಿದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ನನ್ನ ಖಾಲಿ ಹೆಗಲು ನೋಡಿದಳು. ಹುಡುಗಿಯ ಸುದ್ದಿ ಕೇಳಲೇ ಇಲ್ಲ.

"ಖಾಲಿ ಚೀಲ ತರಬೇಕಂತ ತಿಳೀಲಿಲ್ಲೇನು? ಬರೂ ಸುಗ್ಗಿಗೆ ಅಕ್ಕಿ ಯಾತರಾಗ ಒಯ್ಯೂದು?"

ನಾನು ಕಟ್ಟೆಯ ಮೇಲೆ ಕೂತು, ಇನ್ನಷ್ಟು ಬೈಯಲಿ ಎಂದು ಕಾಯುತ್ತಿದ್ದೆ.